ಮರದ ಸೌಟಿನ ಬಾಳಿಕೆ

ಅಡಿಗೆಯ ಮನೆಯ ಸಲಕರಣೆಗಳಲ್ಲಿ ಮರದ ಸೌಟಿನಷ್ಟು ದುಡಿದು ಅದರಷ್ಟು ಕಡಮೆ ಗೌರವವನ್ನು ಪಡೆಯುವ ಮತ್ತೊಂದು ವಸ್ತುವನ್ನು ಹುಡುಕುವುದು ಕಷ್ಟ. ಬೆಳ್ಳಿಯ ಲೋಟಕ್ಕೆ ಬೀಗದ ರಕ್ಷಣೆಯುಂಟು. ಹಿತ್ತಾಳೆಯ ಕೊಳಗಕ್ಕೆ ಹುಣಿಸೆಹಣ್ಣಿನ ಅಭ್ಯಂಜನವುಂಟು. ತಾಮ್ರದ ಪಾತ್ರೆಗೆ ಆಗಾಗ ಕಲಾಯಿಯ ಮರ್ಯಾದೆಯುಂಟು. ಮರದ ಸೌಟಾದರೋ ಬೆಳಗಿನಿಂದ ರಾತ್ರಿಯವರೆಗೆ ಕುದಿಯುವ ಪದಾರ್ಥದಲ್ಲಿ ಮುಳುಗಿ ಎದ್ದು, ಕೊನೆಗೆ ಎಂಜಲು ಪಾತ್ರೆಗಳ ರಾಶಿಯಲ್ಲಿ ನೀರಿನೊಳಗೆ ರಾತ್ರಿ ಕಳೆಯುತ್ತದೆ. ಸೀಳಿದರೆ ಒಲೆಗೆ ಬೀಳುತ್ತದೆ. ಒಲೆಯಿಲ್ಲದ ಮನೆಯಲ್ಲಿ ಕಸದ ಬುಟ್ಟಿಗೆ. ಅದರ ಬಾಳಿಕೆಯ ವಿಚಾರವಾಗಿ ಯಾರೂ ಯೋಚಿಸುವುದಿಲ್ಲ. ಈ ಭಾಷಣದಲ್ಲಿ ಆ ಯೋಚನೆಯನ್ನು ಸ್ವಲ್ಪ ಮಾಡೋಣವೆಂದು ನಮ್ಮ ಉದ್ದೇಶ.

ಕನ್ನಡದಲ್ಲಿ ಇದಕ್ಕೆ ಹೆಸರುಗಳಿಗೇನೂ ಕೊರತೆಯಿಲ್ಲ. ಸೌಟು ಎಂಬುದು ಎಲ್ಲರಿಗೂ ತಿಳಿದ ಮಾತು. ಸಟ್ಟುಗ ಎಂಬುದು ಹಳೆಯ ಮಾತು. ಹುಟ್ಟು ಎಂಬ ಮತ್ತೊಂದು ಹೆಸರು ಇನ್ನೂ ಸ್ವಾರಸ್ಯವಾದುದು. ದೋಣಿಯನ್ನು ನಡಸುವ ಸಾಧನಕ್ಕೂ ಅನ್ನವನ್ನು ಮಗುಚುವ ಸಾಧನಕ್ಕೂ ನಮ್ಮ ಹಿರಿಯರು ಈ ಒಂದೇ ಹೆಸರನ್ನು ಇಟ್ಟರು. ಎರಡೂ ಮರದವು, ಎರಡಕ್ಕೂ ಚಪ್ಪಟೆಯಾದ ತಲೆ, ಎರಡರ ಕೆಲಸವೂ ನೀರಿನಲ್ಲಿ. ಮೈದಾನದ ಸೀಮೆಯಲ್ಲಿ ರಾಗಿಯ ಹಿಟ್ಟನ್ನು ತೊಳಸುವ ಕೋಲು ಇದೇ ಕುಲಕ್ಕೆ ಸೇರಿದ್ದು. ಮಜ್ಜಿಗೆ ಕಡೆಯುವ ಕಡಗೋಲೂ ದೂರದ ನೆಂಟನೇ.

ಓದಿಯೂ ಅರ್ಥವನ್ನರಿಯದ ಪಂಡಿತನನ್ನು ಸೌಟಿಗೆ ಹೋಲಿಸುವುದು ನಮ್ಮ ನೀತಿಕಾರರ ಹಳೆಯ ವಾಡಿಕೆ. ಸೌಟು ದಿನವೆಲ್ಲಾ ಪಾಕದಲ್ಲಿದ್ದರೂ ರುಚಿಯನ್ನು ತಿಳಿಯದೆಂಬುದು ಅವರ ಆಕ್ಷೇಪ. ಲೋಹದ ಸೌಟಿನ ವಿಷಯದಲ್ಲಿ ಈ ಮಾತು ಸಲ್ಲಬಹುದು. ಮರದ ಸೌಟಿನ ವಿಷಯದಲ್ಲಿ ಇದು ಅನ್ಯಾಯ. ಮರದ ಸೌಟು ರುಚಿಯನ್ನು ತಿಳಿಯುತ್ತದೆ ಮಾತ್ರವಲ್ಲ, ಕುಡಿಯುತ್ತದೆ. ಒಮ್ಮೆ ಕುಡಿದುದನ್ನು ಸುಲಭವಾಗಿ ಮರೆಯುವುದೂ ಇಲ್ಲ. ಬೆಳ್ಳುಳ್ಳಿಯ ಒಗ್ಗರಣೆಯಲ್ಲಿ ಆಡಿದ ಸೌಟನ್ನು ಪಾಯಸಕ್ಕೆ ಹಾಕಿದವರಿಗೆಲ್ಲ ಇದು ಗೊತ್ತು. ಈ ಕುಡಿಯುವ ಗುಣವೇ ಅದರ ಉಪಕಾರಕ್ಕೂ ಅದರ ಕೇಡಿಗೂ ಮೂಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ನಾವು ಹೇಳತಕ್ಕ ಸಂಗತಿಗಳೆಲ್ಲ ತಾವಾಗಿಯೇ ಸ್ಪಷ್ಟವಾಗುವುವು.

ಮೊದಲು ಉಪಕಾರದ ಮಾತು. ಲೋಹಗಳು ಇಷ್ಟು ಸುಲಭವಾಗಿ ದೊರೆಯುವಾಗ ಮರವೇಕೆ ಬೇಕು? ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು ಶಾಖ. ಸ್ಟೇನ್‌ಲೆಸ್ ಉಕ್ಕು ಮರಕ್ಕಿಂತ ಸುಮಾರು 100 ಪಾಲು ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಅಲ್ಯೂಮಿನಿಯಂ 1000 ಪಾಲಿಗೂ ಮಿಗಿಲಾಗಿ ಸಾಗಿಸುತ್ತದೆ. ಮರದ ಸೌಟಿನ ತಲೆ ಕುದಿಯುವ ಹುಳಿಯಲ್ಲಿದ್ದರೂ ಹಿಡಿಯು ಕೈಗೆ ತಣ್ಣಗೇ ಇರುವುದು ಈ ಕಾರಣದಿಂದ. ಅರ್ಧ ಗಂಟೆ ಎಡೆಬಿಡದೆ ತಿರುವಬೇಕಾದ ಹಲ್ವದ ಮುಂದೆ ನಿಂತವರಿಗೆ ಈ ಗುಣದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಕಾರಣ ಪಾತ್ರೆ. ಮಣ್ಣಿನ ಗಡಿಗೆ, ಬಳಪದ ಕಲ್ಲಿನ ಮರಿಗೆ, ಕಲಾಯಿ ಹಾಕಿದ ಹಿತ್ತಾಳೆ, ಇವುಗಳಲ್ಲಿ ಯಾವುದೂ ಲೋಹದ ಸೌಟಿನ ಗೀರನ್ನು ಸಹಿಸುವುದಿಲ್ಲ. ಕಲಾಯಿಯೆಂದರೆ ತವರದ ತೆಳುವಾದ ಲೇಪ. ತವರ ಬಹಳ ಮೃದುವಾದ ಲೋಹ. 232 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗುತ್ತದೆ. ಲೋಹದ ಸೌಟಿನಿಂದ ಕೆರೆದರೆ ಅದು ಎದ್ದುಹೋಗಿ, ಹುಳಿಯ ಪದಾರ್ಥಕ್ಕೆ ತಾಮ್ರದ ಕಿಲುಬು ಸೇರುತ್ತದೆ. ಹೀಗೆ ಒಂದು ಮರದ ಸೌಟು ಮನೆಯವರ ಹೊಟ್ಟೆಯನ್ನು ಕಾಯುತ್ತಿತ್ತೆಂದರೆ ಅತಿಶಯೋಕ್ತಿಯಲ್ಲ. ಕಲಾಯಿಯ ಪಾತ್ರೆ ಈಗ ಅಪರೂಪವಾಗಿದೆಯೆಂದು ಈ ಕಾರಣ ತೀರಿಹೋಗಿಲ್ಲ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನ ಕೈಗೆ ಅಕಸ್ಮಾತ್ತಾಗಿ ಸಿಕ್ಕಿದ ಟೆಫ್ಲಾನ್ ಎಂಬ ವಸ್ತುವಿನ ಲೇಪವುಳ್ಳ ಬಾಣಲೆಗಳು ಇಂದು ಪೇಟೆಯ ಮನೆಮನೆಯಲ್ಲಿವೆ. ಆ ಲೇಪಕ್ಕೂ ಲೋಹವೇ ಶತ್ರು, ಮರವೇ ಮಿತ್ರ.

ಮೂರನೆಯ ಕಾರಣ ಹುಳಿ. ಉಪ್ಪು, ಹುಳಿ, ಖಾರಗಳು ಒಂದಾಗಿರುವ ಉಪ್ಪಿನಕಾಯಿಯ ಜಾಡಿಗೆ ಹಿತ್ತಾಳೆಯ ಚಮಚವನ್ನು ಯಾವ ಅಜ್ಜಿಯೂ ಇಳಿಬಿಡುತ್ತಿರಲಿಲ್ಲ. ಕಬ್ಬಿಣವನ್ನೂ ತರಲಿಲ್ಲ. ಒಣಗಿದ ಮರದ ಸಣ್ಣ ಹುಟ್ಟೊಂದು ಜಾಡಿಯ ಪಕ್ಕದಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಅದನ್ನು ಮತ್ತಾವ ಕೆಲಸಕ್ಕೂ ಮುಟ್ಟುವಂತಿರಲಿಲ್ಲ. ಈ ಬೇರೆತನದಲ್ಲಿ ಒಂದು ಶಾಸ್ತ್ರವಿದೆ. ಅದನ್ನು ಮುಂದೆ ಹೇಳುವೆವು.

ಸೌಟಿನ ಗುಣವನ್ನು ತಿಳಿಯಬೇಕಾದರೆ ಅದು ಹುಟ್ಟುವ ಕಾಡನ್ನು ನೋಡಬೇಕು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ, ಪಡುವಣ ದಿಕ್ಕಿಗೆ, ಚಂದ್ರಗುತ್ತಿ ಎಂಬ ಊರಿದೆ. ಬೆಟ್ಟದ ಮೇಲಣ ಹಳೆಯ ಕೋಟೆಗೂ, ಗುಹೆಯಲ್ಲಿ ನೆಲಸಿರುವ ರೇಣುಕಾಂಬೆಯ ಗುಡಿಗೂ ಅದು ಪ್ರಸಿದ್ಧವಾದುದು. ಉತ್ತರಕ್ಕೆ ಕದಂಬರ ಬನವಾಸಿ. ಪಶ್ಚಿಮಕ್ಕೆ ಸಿದ್ಧಾಪುರದ ದಟ್ಟವಾದ ಮಲೆ. ಪೂರ್ವಕ್ಕೆ ಶಿಕಾರಿಪುರದ ಬಯಲು. ಮಲೆಯೂ ಬಯಲೂ ಸೇರುವ ಹೊಲಿಗೆಯ ಮೇಲೆ ಈ ಸೀಮೆಯಿದೆ ಎನ್ನಬಹುದು. ಆದುದರಿಂದ ಎರಡು ಬಗೆಯ ಮರಗಳೂ ಇಲ್ಲಿಯವರ ಕೈಗೆ ಎಟಕುತ್ತಿದ್ದುವು. ಒಂದು ಕಡೆ ಹಲಸು, ಹೆಬ್ಬಲಸು, ನಂದಿ, ಬೈನೆ. ಮತ್ತೊಂದು ಕಡೆ ತೇಗ, ಹೊನ್ನೆ, ಮತ್ತಿ, ದಿಂಡಿಗ. ಸದಾ ಹಸುರಾಗಿರುವ ಇಲ್ಲಿಯ ವನಭಾಗಗಳಿಗೆ ಕಾನು ಎಂದು ಹೆಸರು. ಸೊರಬದ ಕಾನುಗಳ ಸಂಗತಿ ಎಷ್ಟು ವಿಶೇಷವಾದುದೆಂದರೆ, 1868ರಲ್ಲಿ ಹಿಂದೂದೇಶದ ಅರಣ್ಯ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಬ್ರಾಂಡಿಸ್ ಎಂಬಾತನು ಗ್ರಾಂಟ್ ಎಂಬ ಅಧಿಕಾರಿಯೊಡನೆ ಇವುಗಳನ್ನು ಕುರಿತೇ ಒಂದು ಪ್ರತ್ಯೇಕ ವರದಿಯನ್ನು ಬರೆದನು.

ಇದೇ ಸೊರಬವು ಗುಡಿಗಾರರ ನೆಲೆಯೂ ಹೌದು. ಗಂಧದ ಮರದಲ್ಲಿ ದೇವತೆಗಳನ್ನೂ ಬಳ್ಳಿಗಳನ್ನೂ ಆನೆಗಳನ್ನೂ ಬಿಡಿಸುವ ಅವರ ಕೈಚಳಕ ದೇಶಾಂತರಗಳಲ್ಲಿ ಹೆಸರುಗೊಂಡಿದೆ. ಅವರ ಪೆಟ್ಟಿಗೆಗಳು ವಸ್ತುಸಂಗ್ರಹಾಲಯಗಳ ಗಾಜಿನ ಹಿಂದೆ ಕುಳಿತಿವೆ. ಅದೇ ಮಣ್ಣಿನಲ್ಲಿ ಬೆಳೆದ ಹಲಸಿನ ಕೊಂಬೆಯಿಂದ, ಹೆಸರಿಲ್ಲದ ರೈತನೊಬ್ಬನು ಮಳೆಗಾಲದ ಬಿಡುವಿನಲ್ಲಿ ಕತ್ತಿ ಬಾಚಿಗಳಿಂದ ಕೆತ್ತಿದ ಸೌಟು ಯಾವ ಗಾಜಿನ ಹಿಂದೆಯೂ ಕುಳಿತಿಲ್ಲ. ಅದು ಕೆಲಸ ಮಾಡಿ ಸವೆದು ಹೋಯಿತು. ಗಂಧದ ಮರದಿಂದ ಸೌಟನ್ನೇಕೆ ಮಾಡಬಾರದೆಂದು ಯಾರಾದರೂ ಕೇಳಿಯಾರು. ಟಿಪ್ಪುವಿನ ಕಾಲದಿಂದ ಅದು ಸರ್ಕಾರದ ಸೊತ್ತಾಗಿದ್ದುದು ಒಂದು ಕಾರಣ. ಅದಿಲ್ಲದಿದ್ದರೂ ಸಾರಿಗೆ ಗಂಧದ ವಾಸನೆ ಬಂದರೆ ಉಣ್ಣುವವರು ಯಾರು? ದೇವರಿಗೆ ಪ್ರಿಯವಾದುದೆಲ್ಲ ನಾಲಗೆಗೆ ಪ್ರಿಯವಾಗಬೇಕಾಗಿಲ್ಲ.

ಇಲ್ಲಿಂದ ಮರದ ಆಯ್ಕೆಯ ಪ್ರಶ್ನೆ ಹುಟ್ಟುತ್ತದೆ. ಎಲ್ಲಾ ಮರವೂ ಸೌಟಿಗೆ ಆಗದು. ನಮ್ಮ ವೈದಿಕ ಯಾಗಗಳಲ್ಲಿ ಸಹ ಒಂದೊಂದು ಸೌಟಿಗೂ ಒಂದೊಂದು ಮರವನ್ನು ವಿಧಿಸಿದ್ದಾರೆ. ಜುಹುವಿಗೆ ಮುತ್ತುಗ, ಉಪಭೃತ್ತಿಗೆ ಅಶ್ವತ್ಥ, ಸ್ರುವಕ್ಕೆ ಕಾಚಿನ ಮರವಾದ ಖದಿರ. ಅಲ್ಲಿ ಕಾರಣ ಧಾರ್ಮಿಕವಾದುದು. ಅಡಿಗೆಯ ಮನೆಯಲ್ಲಿ ಕಾರಣ ಬೇರೆಯಾದರೂ ನಿಯಮದ ಅಗತ್ಯವೇನೂ ಕಡಮೆಯಲ್ಲ.

ಒಳ್ಳೆಯ ಸೌಟಿನ ಮರದಲ್ಲಿ ನಾಲ್ಕು ಗುಣಗಳಿರಬೇಕು. ಮರ ಗಟ್ಟಿಯಾಗಿರಬೇಕು. ರಂಧ್ರಗಳು ಸಣ್ಣವಾಗಿರಬೇಕು. ಎಳೆಗಳು ನೇರವಾಗಿರಬೇಕು. ಕೊನೆಯದಾಗಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮರದ ರಸ ನಿರಪಾಯಕರವಾಗಿರಬೇಕು. ಹುಣಿಸೆಯ ಮರ ತೂಕವಾದುದು, ಬಹು ಗಟ್ಟಿ. ಮಾಂಸ ಕಡಿಯುವ ಕೊರಡಿಗೂ ಒನಕೆಗೂ ಸುತ್ತಿಗೆಗೂ ಅದನ್ನು ಆರಿಸುತ್ತಾರೆ. ಕೆತ್ತುವುದು ಕಷ್ಟ; ಕೆತ್ತಿದರೆ ಬಹುಕಾಲ ಬಾಳುತ್ತದೆ. ಹಲಸು ಮಧ್ಯಮವಾದುದು, ಹದವಾಗಿ ಕೆತ್ತಿಸಿಕೊಳ್ಳುತ್ತದೆ. ನಮ್ಮ ವೀಣೆಗಳಿಗೆ ಒದಗುವ ಮರವೂ ಅದೇ. ಹಲಸಿನ ಕೆಚ್ಚಿನಲ್ಲಿ ಹಳದಿಯ ಬಣ್ಣವಿದೆ. ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಬಣ್ಣ ಕಟ್ಟಲು ಅದನ್ನು ಬಳಸುವ ಪದ್ಧತಿಯುಂಟು. ಹೊಸ ಹಲಸಿನ ಸೌಟು ಮೊದಲ ನಾಲ್ಕಾರು ತೊಳೆತಗಳಲ್ಲಿ ನೀರನ್ನು ಹಳದಿ ಮಾಡಿದರೆ ಹೆದರಬೇಕಾಗಿಲ್ಲ.

ಹೊನ್ನೆಯ ಕಥೆ ಇನ್ನೂ ಸ್ಪಷ್ಟವಾದುದು. ಹೊನ್ನೆಯ ಬಟ್ಟಲಿನಲ್ಲಿ ನೀರಿಟ್ಟರೆ ಕೊಂಚ ಹೊತ್ತಿಗೆ ನೀರು ಬಣ್ಣಗೊಂಡು ನೀಲಿಯ ಛಾಯೆಯನ್ನು ತೋರುತ್ತದೆ. ಆ ನೀರನ್ನು ಸಿಹಿಮೂತ್ರದ ರೋಗಕ್ಕೆ ಔಷಧವೆಂದು ಕುಡಿಯುವವರೂ ಉಂಟು. ಔಷಧದ ಮಾತು ವೈದ್ಯರಿಗೆ ಬಿಟ್ಟದ್ದು. ನಾವು ಇದರಿಂದ ಕಲಿಯಬೇಕಾದುದು ಬೇರೊಂದು ಪಾಠ: ಮರವು ಪಾತ್ರೆಯಿಂದ ತೆಗೆದುಕೊಳ್ಳುವುದು ಮಾತ್ರವಲ್ಲ, ಪಾತ್ರೆಗೆ ಕೊಡುವುದೂ ಉಂಟು. ತಣ್ಣೀರಿನಲ್ಲಿಯೇ ಹೀಗಾದರೆ ಕುದಿಯುವ ಹುಳಿಯಲ್ಲಿ ಹೇಗಾಗಬೇಕು?

ಆದುದರಿಂದಲೇ ಮಲೆನಾಡಿನವರು ಕೆಲವು ಮರಗಳನ್ನು ಎಷ್ಟು ಚೆನ್ನಾಗಿ ಕಂಡರೂ ಅಡಿಗೆಯ ಮನೆಗೆ ಸೇರಿಸುವುದಿಲ್ಲ. ಕಾಸರಕನ ಮರ ಗಟ್ಟಿಯಾದುದು, ಹುಳು ಮುಟ್ಟದು. ಆದರೆ ಅದು ವಿಷವೃಕ್ಷ. ಹೊಳೆಗೇರಿನ ಸೊನೆ ತಗುಲಿದರೆ ಮೈಯೆಲ್ಲ ಬೊಬ್ಬೆಯೇಳುತ್ತದೆ. ಕಣಗಿಲೆಯ ಕಡ್ಡಿಯನ್ನು ಮಕ್ಕಳು ಬಾಯಿಗಿಟ್ಟುಕೊಳ್ಳದಂತೆ ತಾಯಂದಿರು ಕಾಯುತ್ತಾರೆ. ಮರದ ಹೆಸರನ್ನು ಬಲ್ಲವನು ಕೆತ್ತಿದ ಸೌಟಿಗೂ, ಹೆಸರಿಲ್ಲದ ಮರದ ಮೇಲೆ ಹೊಳೆಯುವ ಬಣ್ಣ ಬಳಿದು ಪೇಟೆಯಲ್ಲಿ ಮಾರುವ ಸೌಟಿಗೂ ಇರುವ ವ್ಯತ್ಯಾಸ ಇಲ್ಲಿದೆ. ಸೌಟನ್ನು ಕೊಳ್ಳುವಾಗ ನಾವು ಬೆಲೆಯನ್ನು ಕೇಳುತ್ತೇವೆ. ಇದು ಯಾವ ಮರವೆಂದು ಕೇಳುವವರು ನೂರಕ್ಕೊಬ್ಬರು ಸಿಕ್ಕಿಯಾರೆ? ಕೂಸಿಗೆ ಗಂಜಿ ಕಾಯಿಸುವ ಸೌಟಿನ ವಿಷಯದಲ್ಲಿ ಈ ಪ್ರಶ್ನೆ ಬೆಲೆಗಿಂತ ಮೊದಲು ಬರಬೇಕು.

ಮರವನ್ನು ಅರಿತರೆ ಸಾಲದು, ಅದರ ಎಳೆಯನ್ನೂ ಅರಿಯಬೇಕು. ಸೌಟಿನ ಹಿಡಿಯಿಂದ ತಲೆಯ ತುದಿಯವರೆಗೆ ಎಳೆಗಳು ತುಂಡಾಗದೆ ಓಡಬೇಕು. ಸೀಳಿದ ತುಂಡಿನಿಂದ ಕೆತ್ತಿದ ಸೌಟು ಗರಗಸದಿಂದ ಕುಯ್ದ ಹಲಗೆಯ ಸೌಟಿಗಿಂತ ಹೆಚ್ಚು ಬಾಳುವುದು ಈ ಕಾರಣಕ್ಕೆ. ಕೊಡಲಿಯಿಂದ ಸೀಳಿದಾಗ ಮರ ತನ್ನ ಎಳೆಯ ದಾರಿಯಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಗರಗಸಕ್ಕೆ ಎಳೆಯ ಲಕ್ಷ್ಯವಿಲ್ಲ. ಎಳೆ ಅಡ್ಡವಾಗಿ ಮುಗಿದಲ್ಲಿ ನೀರಿಗೆ ಬಾಗಿಲು ತೆರೆದಂತೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ರೂಢಿಯಲ್ಲಿರುವ ಕರಟದ ಸೌಟು ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿದೆ. ಬಟ್ಟಲಿಗೆ ತೆಂಗಿನ ಕರಟ, ಹಿಡಿಗೆ ಬಿದಿರಿನ ಅಥವಾ ಅಡಕೆಯ ದಬ್ಬೆಯ ಕಡ್ಡಿ. ಗುಂಡಗಿರುವುದನ್ನು ಕೆತ್ತುವ ಶ್ರಮವನ್ನು ಮರವೇ ಮಾಡಿಕೊಟ್ಟಿದೆ. ಹಿಡಿ ಸವೆದರೆ ಹಿಡಿಯನ್ನು, ಕರಟ ಒಡೆದರೆ ಕರಟವನ್ನು ಬದಲಾಯಿಸಬಹುದು.

ಇನ್ನು ಸೌಟಿನ ಶತ್ರುಗಳ ವಿಚಾರ. ಬಹುಮಂದಿ ಬೆಂಕಿಯನ್ನು ಶತ್ರುವೆಂದು ಭಾವಿಸುತ್ತಾರೆ. ಕುದಿಯುವ ನೀರು 100 ಡಿಗ್ರಿ, ಕರಿಯುವ ಎಣ್ಣೆ ಸುಮಾರು 180 ಡಿಗ್ರಿ. ಮರ ಕರಿಕಾಗಲು ಇನ್ನೂ ಬಹಳ ಹೆಚ್ಚಿನ ಶಾಖ ಬೇಕು. ಪಾತ್ರೆಯೊಳಗಿನ ಅಡಿಗೆ ಸೌಟನ್ನು ಸುಡಲಾರದು. ಗ್ಯಾಸಿನ ಒಲೆಯ ಉರಿ ಪಾತ್ರೆಯ ಅಂಚನ್ನು ಮೀರಿ ಬಂದಾಗ ಅಲ್ಲಿ ಒರಗಿಸಿಟ್ಟ ಹಿಡಿ ಮಾತ್ರ ಸುಡುವುದು. ಅದು ಸೌಟಿನ ತಪ್ಪಲ್ಲ.

ನಿಜವಾದ ಶತ್ರು ನೀರು. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಐಗುಪ್ತದೇಶದ ಸಮಾಧಿಗಳಲ್ಲಿ ಸಾವಿರಾರು ವರ್ಷಗಳ ಹಿಂದಿನ ಮರದ ಸೌಟುಗಳು ಕೆಡದೆ ದೊರೆತಿವೆ. ಅಲ್ಲಿ ಅವು ಸದಾ ಒಣಗಿದ್ದುವು. 1545ರಲ್ಲಿ ಮುಳುಗಿ 1982ರಲ್ಲಿ ಮೇಲಕ್ಕೆತ್ತಲ್ಪಟ್ಟ ಮೇರಿ ರೋಸ್ ಎಂಬ ಇಂಗ್ಲೀಷ್ ಯುದ್ಧನೌಕೆಯಲ್ಲಿ ನಾವಿಕರು ಉಂಡ ಮರದ ತಟ್ಟೆ ಬಟ್ಟಲುಗಳು ಸಿಕ್ಕಿದುವು. ಅಲ್ಲಿ ಅವು ಗಾಳಿಯಿಲ್ಲದ ಕೆಸರಿನಡಿಯಲ್ಲಿ ಸದಾ ನೆನೆದಿದ್ದುವು. ಸದಾ ಒಣಗಿದ್ದರೂ ಮರ ಬಾಳುತ್ತದೆ, ಗಾಳಿಯಿಲ್ಲದೆ ಸದಾ ನೆನೆದಿದ್ದರೂ ಬಾಳುತ್ತದೆ. ನೆನೆದು ಒಣಗಿ, ಒಣಗಿ ನೆನೆದು, ಗಾಳಿಗೂ ತೆರೆದಿರುವ ಮರ ಬೇಗ ಸಾಯುತ್ತದೆ. ಬೇಲಿಯ ಗೂಟವನ್ನು ನೋಡಿರಿ. ಆಳದಲ್ಲಿ ಹೂತಿರುವ ಭಾಗ ಗಟ್ಟಿಯಾಗಿರುತ್ತದೆ, ಮೇಲಣ ಭಾಗವೂ ಗಟ್ಟಿಯಾಗಿರುತ್ತದೆ. ನೆಲಮಟ್ಟದಲ್ಲಿ ಮಾತ್ರ ಲಡ್ಡಾಗಿ ಮುರಿಯುತ್ತದೆ. ಅಡಿಗೆಯ ಮನೆಯ ಸೌಟಿನ ಇಡೀ ಜೀವನವೇ ನೆಲಮಟ್ಟದ ಜೀವನ.

ಮರ ನೀರನ್ನು ಕುಡಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಈ ವ್ಯತ್ಯಾಸ ನೂರಕ್ಕೆ ಒಂದು ಪಾಲೂ ಇಲ್ಲ. ಅಡ್ಡಕ್ಕೆ ಇದಕ್ಕಿಂತ ಬಹಳ ಹೆಚ್ಚು. ಅದರಲ್ಲಿಯೂ ವರ್ಷದ ಉಂಗುರಗಳ ಜಾಡಿನಲ್ಲಿ ಕುಗ್ಗುವಷ್ಟರಲ್ಲಿ ಅರ್ಧದಷ್ಟು ಮಾತ್ರ ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಸಾಮಾನ್ಯ. ಹೀಗೆ ಒಂದೇ ಸೌಟಿನ ಮೈಯಲ್ಲಿ ಮೂರು ದಿಕ್ಕಿಗೆ ಮೂರು ಬಗೆಯ ಎಳೆತ. ನಿಧಾನವಾಗಿ ಒಣಗಿದರೆ ಮರ ಇದನ್ನು ಹೊಂದಿಸಿಕೊಳ್ಳುತ್ತದೆ. ರಾತ್ರಿಯೆಲ್ಲಾ ನೆನೆದ ಸೌಟನ್ನು ಮಧ್ಯಾಹ್ನದ ಬಿಸಿಲಿಗೆ ಎಸೆದರೆ ಹೊರಮೈ ಕುಗ್ಗುತ್ತದೆ, ಒಳಮೈ ಇನ್ನೂ ಹಿಗ್ಗಿರುತ್ತದೆ. ನಡುವೆ ಬಿರುಕು ಬಿಡುತ್ತದೆ. ಬಿರುಕಿನೊಳಕ್ಕೆ ಅನ್ನದ ಅಗುಳು ಸೇರುತ್ತದೆ, ಅಗುಳಿನ ಹಿಂದೆ ಬೂಷ್ಟು ಬರುತ್ತದೆ. ಮರದ ಒಣ ತೂಕದ ನೂರಕ್ಕೆ 20 ಪಾಲಿಗಿಂತ ನೀರು ಕಡಮೆಯಾಗಿದ್ದರೆ ಕೊಳೆಯಿಸುವ ಬೂಷ್ಟು ಬೆಳೆಯಲಾರದೆಂಬುದು ಮರದ ಶಾಸ್ತ್ರವನ್ನು ಬಲ್ಲವರ ಮಾತು. ಸೌಟಿನ ಆರೈಕೆಯೆಲ್ಲ ಈ ಒಂದು ಅಂಕಿಯ ಕೆಳಗೆ ಅದನ್ನು ಇಡುವ ಪ್ರಯತ್ನವೇ.

ಚಂದ್ರಗುತ್ತಿಯ ಸೀಮೆಯಂತಹ ಮಳೆನಾಡಿನಲ್ಲಿ ಈ ಪ್ರಯತ್ನ ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದು, ಉಪ್ಪು ನೀರಾಗುವುದು, ಪುಸ್ತಕಕ್ಕೆ ಬೂಷ್ಟು ಹಿಡಿಯುವುದು. ಅಂತಹ ಊರಿನಲ್ಲಿ ಮರದ ಸೌಟು ವರ್ಷಗಟ್ಟಲೆ ಬಾಳುತ್ತಿದ್ದುದು ಹೇಗೆ? ಉತ್ತರ ಒಲೆಯ ಮೇಲಣ ಹೊಗೆಯಲ್ಲಿದೆ. ಅಡಕೆ, ಬೀಜದ ತೆನೆ, ಒಣಗಿಸಿದ ಹುಳಿಗಳೊಡನೆ ಸೌಟುಗಳೂ ಒಲೆಗೆ ಕೈಯೆಟಕುವ ದೂರದಲ್ಲಿ ಗೋಡೆಯ ಗೂಟಕ್ಕೋ ರಂಧ್ರಗಳುಳ್ಳ ಹಲಗೆಗೋ ತೂಗುತ್ತಿದ್ದುವು. ಹದವಾದ ಬೆಚ್ಚಗೆ ನೀರನ್ನು ನಿಧಾನವಾಗಿ ಹೊರಡಿಸುತ್ತಿತ್ತು. ಹೊಗೆಯಲ್ಲಿರುವ ಫೀನಾಲ್ ಜಾತಿಯ ಪದಾರ್ಥಗಳು ಹುಳುವನ್ನೂ ಬೂಷ್ಟನ್ನೂ ದೂರವಿಡುತ್ತಿದ್ದುವು. ಪೇಟೆಯ ಮನೆಯಲ್ಲಿ ಆ ಹೊಗೆಯೂ ಇಲ್ಲ, ಆ ಒಲೆಯೂ ಇಲ್ಲ. ಹೊಗೆ ಹೋದುದು ಗೃಹಿಣಿಯ ಕಣ್ಣಿಗೂ ಶ್ವಾಸಕೋಶಕ್ಕೂ ಒಳ್ಳೆಯದೇ ಆಯಿತು. ಆದರೆ ಹೊಗೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಈಗ ನಾವು ತಿಳಿದು ಮಾಡಬೇಕಾಗಿದೆ.

ಆ ಕೆಲಸದ ಕ್ರಮವನ್ನು ಹೇಳುವೆವು. ಹೊಸ ಸೌಟನ್ನು ತಂದೊಡನೆ ಬಿಸಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಹೀಗೆ ಎರಡು ಮೂರು ಸಲ ಮಾಡಬೇಕು. ಮೊದಲ ತೊಳೆತದಲ್ಲಿ ಮೈಯೆಲ್ಲ ಒರಟಾಗಿ ಎಳೆಗಳು ಕೂದಲಿನಂತೆ ಏಳುವುವು. ಅವನ್ನು ನಯವಾದ ಮರಳುಕಾಗದದಿಂದ ಉಜ್ಜಿದರೆ ಮತ್ತೆ ಅಷ್ಟಾಗಿ ಏಳುವುದಿಲ್ಲ. ಮಲೆನಾಡಿನವರು ಇದಕ್ಕೆ ಕಾಸು ಕೊಡುವುದಿಲ್ಲ. ಅಲ್ಲಿ ಗರಗತ್ತಿ ಎಂಬ ಅತ್ತಿಯ ಜಾತಿಯ ಮರವುಂಟು. ಅದರ ಎಲೆ ಮರಳುಕಾಗದದಷ್ಟೇ ಒರಟು. ಮರವನ್ನೂ ಕೊಂಬನ್ನೂ ದಂತವನ್ನೂ ಅದರಿಂದ ನುಣುಪು ಮಾಡುತ್ತಾರೆ.

ಆಮೇಲೆ ಎಣ್ಣೆ. ಎಣ್ಣೆಯ ಉದ್ದೇಶ ಹೊಳಪಲ್ಲ. ನೀರು ಕುಳಿತುಕೊಳ್ಳುವ ಜಾಗದಲ್ಲಿ ಅದಕ್ಕಿಂತ ಮೊದಲೇ ಎಣ್ಣೆಯನ್ನು ಕೂರಿಸುವುದು. ಎಣ್ಣೆಗಳಲ್ಲಿ ಎರಡು ಬಗೆ. ಅಗಸೆ ಎಣ್ಣೆಯಂತಹವು ಗಾಳಿ ತಗುಲಿ ಗಟ್ಟಿಯಾಗುವುವು. ಕೊಬ್ಬರಿ ಎಣ್ಣೆಯಂತಹವು ಎಂದಿಗೂ ಗಟ್ಟಿಯಾಗವು. ಅಗಸೆ ಎಣ್ಣೆ ಒಮ್ಮೆ ಒಣಗಿದರೆ ಬಹುಕಾಲ ನಿಲ್ಲುತ್ತದೆ. ಆದರೆ ತಿನ್ನುವ ಎಣ್ಣೆಯನ್ನೇ ಕೊಳ್ಳಬೇಕು. ಬಣ್ಣದ ಅಂಗಡಿಯಲ್ಲಿ ಕುದಿಸಿದ ಎಣ್ಣೆಯೆಂದು ಮಾರುವುದರಲ್ಲಿ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಮತ್ತೊಂದು ಎಚ್ಚರಿಕೆಯ ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬಾರದು. ಅದು ಒಣಗುವಾಗ ತಾನೇ ಕಾದು ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ನೆನಸಿ, ಬಿಡಿಸಿ, ಹೊರಗೆ ಹರವಬೇಕು. ಕೊಬ್ಬರಿ ಎಣ್ಣೆಯಲ್ಲಿ ಈ ಅಪಾಯವಿಲ್ಲ, ಬೇಗ ಕಮಟುವುದೂ ಇಲ್ಲ. ಆದರೆ ತೊಳೆದಂತೆಲ್ಲ ಹೋಗುವುದರಿಂದ ಹೆಚ್ಚು ಸಲ ಹಚ್ಚಬೇಕು. ಯಾವ ಎಣ್ಣೆಯಾದರೂ ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು, ಮಿಕ್ಕುದನ್ನು ಪೂರ್ತಿ ಒರೆಸಿ ತೆಗೆಯಬೇಕು. ಜೇನುಮೇಣವನ್ನು ಹೊಗಳುವವರುಂಟು. ಅದು ಸುಮಾರು 62 ಡಿಗ್ರಿಯಲ್ಲಿಯೇ ಕರಗುವುದರಿಂದ ಹಿಡಿಗೆ ಒಳ್ಳೆಯದು, ಕುದಿಯುವ ಸಾರಿನಲ್ಲಿ ಮುಳುಗುವ ತಲೆಗೆ ಪ್ರಯೋಜನವಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಹಚ್ಚಿದರೆ ಸಾಕು. ಸೌಟು ಬೂದುಬಣ್ಣಕ್ಕೆ ತಿರುಗಿ ಒರಟಾದರೆ ಅದು ಎಣ್ಣೆಯನ್ನು ಕೇಳುತ್ತಿದೆಯೆಂದು ತಿಳಿಯಬೇಕು.

ದಿನದ ಆರೈಕೆ ಇನ್ನೂ ಸುಲಭ. ಕೆಲಸ ಮುಗಿದ ಕೂಡಲೇ ತೊಳೆಯಬೇಕು, ಎಂದಿಗೂ ನೆನೆಹಾಕಬಾರದು. ಬಟ್ಟೆಯಿಂದ ಒರೆಸಿ, ತಲೆ ಮೇಲಾಗಿ ನಿಲ್ಲಿಸಬೇಕು ಅಥವಾ ಗಾಳಿಯಾಡುವಂತೆ ತೂಗುಹಾಕಬೇಕು. ಮುಚ್ಚಿದ ಸೆಳೆಪೆಟ್ಟಿಗೆಯಲ್ಲಿ ಒದ್ದೆಯ ಸೌಟನ್ನು ಮಲಗಿಸುವುದು ಅದನ್ನು ಬೂಷ್ಟಿಗೆ ಒಪ್ಪಿಸಿದಂತೆ. ಪಾತ್ರೆ ತೊಳೆಯುವ ವಿದ್ಯುದ್ಯಂತ್ರ ಮರಕ್ಕೆ ಪರಮಶತ್ರು. ದೀರ್ಘವಾದ ಬಿಸಿನೀರು, ತೀಕ್ಷ್ಣವಾದ ಸೋಪು, ಕೊನೆಗೆ ಒಮ್ಮೆಗೇ ಒಣಗಿಸುವ ಶಾಖ, ಮೂರೂ ಅಲ್ಲಿ ಒಟ್ಟಿಗೆ ಬರುತ್ತವೆ. ವಾಸನೆ ಹಿಡಿದರೆ ಉಪ್ಪನ್ನೂ ನಿಂಬೆಯ ಹೋಳನ್ನೂ ಸೇರಿಸಿ ಉಜ್ಜಿ ತೊಳೆದು, ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಡಬಹುದು.

ಉಪ್ಪಿನಕಾಯಿಯ ಹುಟ್ಟಿನ ಬೇರೆತನಕ್ಕೆ ಒಂದು ಶಾಸ್ತ್ರವಿದೆ ಎಂದೆವಷ್ಟೆ. ಅದು ಇದೇ. ಮರ ಕುಡಿಯುವ ವಸ್ತುವಾದ್ದರಿಂದ ಅದಕ್ಕೆ ಏನನ್ನು ಕುಡಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಬೇಕು. ಸಿಹಿಗೊಂದು, ಖಾರಕ್ಕೊಂದು, ಅನ್ನಕ್ಕೊಂದು, ಉಪ್ಪಿನಕಾಯಿಗೊಂದು. ನಾಲ್ಕು ಸೌಟುಗಳಿದ್ದರೆ ನಾಲ್ಕೂ ಹೆಚ್ಚು ದಿನ ಬಾಳುವುವು. ಒಂದರ ಕೆಲಸ ನಾಲ್ಕಕ್ಕೆ ಹಂಚಿದಾಗ ಒಂದೊಂದಕ್ಕೂ ಚೆನ್ನಾಗಿ ಒಣಗಲು ಅವಕಾಶ ದೊರೆಯುತ್ತದೆ. ಒದ್ದೆಯ ಹುಟ್ಟು ಉಪ್ಪಿನಕಾಯಿಯ ಜಾಡಿಗೆ ಇಳಿದರೆ ಒಂದು ವರ್ಷದ ಶ್ರಮ ಬೂಷ್ಟಾಗುವುದೆಂಬುದನ್ನು ಅಪ್ಪೆಮಿಡಿಯ ನಾಡಿನವರು ಚೆನ್ನಾಗಿ ಬಲ್ಲರು.

ಮರದ ಸೌಟು ಮೈಲಿಗೆಯ ವಸ್ತು, ಕ್ರಿಮಿಗಳ ಮನೆ, ಎಂಬ ಭಯ ಪೇಟೆಯ ವಿದ್ಯಾವಂತರಲ್ಲಿ ಹರಡಿದೆ. ಇದನ್ನು ಕುರಿತು ಒಂದು ಮಾತು ಹೇಳಬೇಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಡೀನ್ ಕ್ಲಿವರ್ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ತರಕಾರಿ ಮಾಂಸಗಳನ್ನು ಹೆಚ್ಚುವ ಹಲಗೆಗಳ ಮೇಲೆ ಪ್ರಯೋಗಗಳನ್ನು ನಡಸಿ 1994ರಲ್ಲಿ ಪ್ರಕಟಿಸಿದರು. ಕ್ರಿಮಿಗಳು ಮರದ ಮೇಲ್ಮೈಯಿಂದ ಒಳಕ್ಕಿಳಿದು, ಅಲ್ಲಿ ವೃದ್ಧಿಯಾಗದೆ ಕ್ರಮೇಣ ಸಾಯುತ್ತಿದ್ದುವು. ಕತ್ತಿಯ ಗೀರು ಬಿದ್ದ ಪ್ಲಾಸ್ಟಿಕ್ ಹಲಗೆಯನ್ನು ಕೈಯಿಂದ ತೊಳೆದು ಶುದ್ಧಮಾಡುವುದು ಹೊಸ ಹಲಗೆಯಷ್ಟು ಸುಲಭವಾಗಿರಲಿಲ್ಲ. ಪ್ರಯೋಗ ನಡೆದುದು ಹಲಗೆಗಳ ಮೇಲೆ, ಸೌಟುಗಳ ಮೇಲಲ್ಲ. ಅದನ್ನು ಮೀರಿ ಹೇಳುವುದು ಸರಿಯಲ್ಲ. ಆದರೆ ಮರವೆಂದ ಮಾತ್ರಕ್ಕೆ ಹೊಲಸೆನ್ನುವ ತೀರ್ಪಿಗೆ ಆಧಾರ ಸಾಲದೆಂದು ಇದರಿಂದ ತಿಳಿಯುತ್ತದೆ. ಶುದ್ಧಿಯ ಗುಟ್ಟು ಇಲ್ಲಿಯೂ ಒಣಗುವುದರಲ್ಲಿಯೇ ಇದೆ. ಒಣಗಿದ ಮರದಲ್ಲಿ ಕ್ರಿಮಿಗೆ ನೀರಿಲ್ಲ.

ಹಾಗೆಂದು ಕೆಟ್ಟ ಸೌಟನ್ನು ಮೋಹದಿಂದ ಇಟ್ಟುಕೊಳ್ಳಬಾರದು. ತಲೆಯಲ್ಲಿ ಆಳವಾದ ಬಿರುಕು ಬಿಟ್ಟು ಅದರೊಳಗೆ ಕಪ್ಪು ಕಂಡರೆ, ಉಗುರಿನಿಂದ ಒತ್ತಿದಾಗ ಮರ ತಗ್ಗಿದರೆ, ತೊಳೆದು ಒಣಗಿಸಿದ ಮೇಲೂ ಹುಳಿವಾಸನೆ ನಿಂತರೆ, ಆ ಸೌಟಿನ ಕಾಲ ಮುಗಿಯಿತು. ಪುಡಿಯುದುರಿಸುವ ಹುಳು ಬಿದ್ದರೂ ಹಾಗೆಯೇ. ಅದು ಬಿಳಿಯ ಹೊರಮರದಲ್ಲಿರುವ ಪಿಷ್ಟಕ್ಕೆ ಆಸೆಪಟ್ಟು ಬರುತ್ತದೆ. ಆದುದರಿಂದಲೇ ಸೌಟಿಗೆ ಕೆಚ್ಚನ್ನು ಆರಿಸುವುದು. ತುದಿ ಮಾತ್ರ ಸವೆದು ಓರೆಯಾಗಿದ್ದರೆ ತೆಗೆದುಹಾಕಬೇಕಾಗಿಲ್ಲ. ಆ ಓರೆ ನಿಮ್ಮ ಕೈ ತಿರುವುವ ರೀತಿಗೂ ನಿಮ್ಮ ಪಾತ್ರೆಯ ತಳಕ್ಕೂ ಹೊಂದಿಕೊಂಡು ಬಂದದ್ದು. ಅಂಗಡಿಯಲ್ಲಿ ಕೊಳ್ಳಲು ಸಿಕ್ಕದ ಗುಣ. ಅಂಚನ್ನು ಕೊಂಚ ಉಜ್ಜಿ ಎಣ್ಣೆ ಹಚ್ಚಿದರೆ ಅದು ಮತ್ತೆ ದುಡಿಯುತ್ತದೆ.

ಒಂದು ಸೌಟಿನ ಬೆಲೆ ಎಷ್ಟು? ಸ್ವಲ್ಪ ಹಣ. ಅದಕ್ಕಾಗಿ ಇಷ್ಟು ಚಿಂತೆ ಬೇಕೆ ಎಂದು ಕೆಲವರು ಕೇಳಬಹುದು. ಕೊಳ್ಳುವ ಬೆಲೆ ಒಂದು, ಬೆಳೆದ ಬೆಲೆ ಇನ್ನೊಂದು. ಹುಣಿಸೆಯಾಗಲಿ ಹಲಸಾಗಲಿ ಗಟ್ಟಿಯಾದ ಕೆಚ್ಚನ್ನು ಕಟ್ಟಲು ಹತ್ತಾರು ವರ್ಷ ಬೇಕು. ಒಂದು ತಲೆಮಾರು ನೆಟ್ಟ ಮರದ ಕೆಚ್ಚನ್ನು ಮತ್ತೊಂದು ತಲೆಮಾರು ಎರಡೇ ಮಳೆಗಾಲದಲ್ಲಿ ಕೊಳೆಯಿಸಿದರೆ, ನಷ್ಟ ಆ ಸ್ವಲ್ಪ ಹಣ ಮಾತ್ರವಲ್ಲ. ಅದಕ್ಕಿಂತ ಹೆಚ್ಚಿನ ನಷ್ಟವೂ ಒಂದುಂಟು. ಸೌಟು ಹದಿನೈದು ದಿನಕ್ಕೊಮ್ಮೆ ಬದಲಾಯಿಸತಕ್ಕ ಅಗ್ಗದ ವಸ್ತುವೆಂದು ನಾವು ತೀರ್ಮಾನಿಸಿದರೆ, ಯಾವ ಮರವನ್ನು ಆರಿಸಬೇಕು, ಯಾವುದನ್ನು ಬಿಡಬೇಕು, ಎಳೆ ಎತ್ತ ಓಡಬೇಕು, ಯಾವ ಎಲೆಯಿಂದ ಉಜ್ಜಬೇಕು ಎಂಬ ತಿಳಿವಳಿಕೆಯನ್ನು ಕೇಳುವವರೇ ಇಲ್ಲದಾಗುತ್ತಾರೆ. ಕೇಳುವವರಿಲ್ಲದ ವಿದ್ಯೆ ಒಂದು ತಲೆಮಾರಿನಲ್ಲಿ ಮುಗಿಯುತ್ತದೆ. ಬ್ರಾಂಡಿಸನು ಕಾನುಗಳನ್ನು ಕಾಗದದಲ್ಲಿ ಬರೆದಿಟ್ಟನು. ಆ ಕಾನಿನ ಅಂಚಿನಲ್ಲಿ ಸೌಟು ಕೆತ್ತಿದವನ ತಿಳಿವಳಿಕೆಯನ್ನು ಯಾರೂ ಬರೆದಿಡಲಿಲ್ಲ. ಅದು ಕೈಯಿಂದ ಕೈಗೆ ಮಾತ್ರ ಬಂದಿದೆ. ಒಳ್ಳೆಯ ಸೌಟನ್ನು ಬೇಡುವ ಮನೆಗಳಿರುವವರೆಗೆ ಮಾತ್ರ ಅದು ಮುಂದೆ ಹೋಗುವುದು.

ಆದುದರಿಂದ ಕೇಳುಗರಲ್ಲಿ ನಮ್ಮ ವಿಜ್ಞಾಪನೆ ಬಹಳ ಸಣ್ಣದು. ಮುಂದಿನ ಸಲ ಜಾತ್ರೆಯಲ್ಲಿಯೋ ಸಂತೆಯಲ್ಲಿಯೋ ಅಂಗಡಿಯಲ್ಲಿಯೋ ಸೌಟನ್ನು ಕೈಗೆತ್ತಿಕೊಂಡಾಗ ಇದು ಯಾವ ಮರವೆಂದು ಒಂದು ಮಾತು ಕೇಳಿರಿ. ಹೇಳಬಲ್ಲವನಿಂದ ಕೊಳ್ಳಿರಿ. ಕೊಂಡುದನ್ನು ತೊಳೆದು, ಒರೆಸಿ, ಗಾಳಿಗೆ ತೂಗುಹಾಕಿರಿ. ತಿಂಗಳಿಗೊಮ್ಮೆ ನಾಲ್ಕು ತೊಟ್ಟು ಎಣ್ಣೆಯನ್ನು ಕೊಡಿರಿ. ಇಷ್ಟು ಮಾಡಿದರೆ ನೀವು ಕೊಂಡ ಸೌಟು ನಿಮ್ಮ ಸೊಸೆಯ ಕೈಗೂ ಬಂದೀತು. ಆಗ ಅದು ಯಾವ ಮರದ್ದೆಂದು ಆಕೆಗೆ ಹೇಳುವುದನ್ನು ಮಾತ್ರ ಮರೆಯಬೇಡಿರಿ.